ಜಾತಿಯ ಹೆಸರಿಲ್ಲದ ಸೂರು

ಪೇಟೆಯ ಹಳೆಯ ಟಾಕೀಸು ಮುಚ್ಚಿದಾಗ ಪತ್ರಿಕೆಗಳಲ್ಲಿ ಎರಡು ನಮೂನೆಯ ಬರಹ ಬರುತ್ತದೆ. ಅಲ್ಲಿ ನೂರು ದಿನ ಓಡಿದ ಚಿತ್ರ ಯಾವುದು, ಬಂದುಹೋದ ನಾಯಕನಟ ಯಾರು ಎಂಬ ನೆನಪು ಒಂದು. ಆ ಜಾಗಕ್ಕೆ ಈಗ ಗುಂಟೆಗೆಷ್ಟು, ಅಲ್ಲಿ ಏಳುವ ಕಟ್ಟಡ ಎಷ್ಟು ಅಂತಸ್ತಿನದು ಎಂಬ ವ್ಯಾಪಾರದ ಲೆಕ್ಕ ಇನ್ನೊಂದು. ನೆಲಕ್ಕೆ ಟಿಕೇಟು ತಕ್ಕೊಂಡು ಪರದೆಯ ಬುಡದಲ್ಲಿ ಕೂತವನು ಈ ಎರಡರಲ್ಲೂ ಇಲ್ಲ. ಅವನಿಗೆ ಆ ಕಟ್ಟಡ ಏನಾಗಿತ್ತು? ಅದು ಹೋದರೆ ಅವನು ಕಳಕೊಳ್ಳುವುದು ಏನು? ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಕರಾವಳಿ ತಾಲೂಕುಗಳ ನಾವು ಕೇಳಬೇಕಾದ ಪ್ರಶ್ನೆ ಇದು.

ನಮ್ಮ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಪೇಟೆಯಲ್ಲಿ ನಾಲ್ಕುನೂರು ಐನೂರು ಜನ ಒಟ್ಟಿಗೆ ಕೂರಬಹುದಾದ ಸೂರುಗಳು ಬಹುಪಾಲು ಒಂದು ದೇವರದ್ದು, ಒಂದು ಮಠದ್ದು, ಇಲ್ಲವೆ ಒಂದು ಜಾತಿಯದು. ಟಾಕೀಸಿನ ಯಜಮಾನನಿಗೂ ಜಾತಿ ಇತ್ತು, ಖರೆ. ಆದರೆ ಅವನ ಕಟ್ಟಡದ ಬಾಗಿಲಿಗೆ ಜಾತಿ ಇರಲಿಲ್ಲ. ಅಲ್ಲಿ ಕೇಳುತ್ತಿದ್ದುದು ಟಿಕೇಟನ್ನು. ಶೋಷಿತರ ಕಡೆಯಿಂದ ನೋಡಿದರೆ ಟಾಕೀಸಿನ ಚರಿತ್ರೆಯೆಂದರೆ ಈ ಬಾಗಿಲಿನ ಚರಿತ್ರೆ. ಕಟ್ಟಡಕ್ಕೆ ಹೊಸ ಉಪಯೋಗ ಹುಡುಕುವವರು ಉತ್ತರ ಕೊಡಬೇಕಾದ್ದೂ ಈ ಬಾಗಿಲಿನ ಬಗ್ಗೆಯೇ.

ಒಂದು ರೂಪಾಯಿಯಿಂದ ನಾಲ್ಕಾಣೆಗೆ

ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಬೊಂಬಾಯಿ ಆಡಳಿತದಲ್ಲಿತ್ತು. ಆಗಬೋಟು ಹತ್ತಿ ಬೊಂಬಾಯಿಗೆ ದುಡಿಯಲು ಹೋಗುವುದು ಈ ಕರಾವಳಿಯವರಿಗೆ ಹೊಸದಲ್ಲ. ಹಾಗಾಗಿ ಬೊಂಬಾಯಿಯಿಂದಲೇ ಸುರು ಮಾಡೋಣ.

1896ರ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ತೋರಿಸಿದರು. ಈ ದೇಶದಲ್ಲಿ ಸಿನಿಮಾ ಕಾಲಿಟ್ಟದ್ದು ಹಾಗೆ. ಟಿಕೇಟು ಒಂದು ರೂಪಾಯಿ. ಆ ಕಾಲದ ಒಂದು ರೂಪಾಯಿ ಕೂಲಿಯವನ ಎಷ್ಟು ದಿನದ ಬೆವರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವಾರದಲ್ಲಿ ಪ್ರದರ್ಶನ ನಾವೆಲ್ಟಿ ಥಿಯೇಟರಿಗೆ ಹೋಯಿತು. ಆ ತಿಂಗಳು ಮುಗಿಯುವುದರೊಳಗೆ ಟಿಕೇಟನ್ನು ಹಂತ ಹಂತವಾಗಿ ಒಡೆದರು. ಮೇಲಿನದು ಎರಡು ರೂಪಾಯಿ, ಕೆಳಗಿನದು ನಾಲ್ಕಾಣೆ. ಪರದೆಯ ಹೆಂಗಸರಿಗೆ ಬೇರೆಯೇ ಗೂಡು.

ಇದನ್ನು ಬರೇ ವ್ಯಾಪಾರದ ಸಂಗತಿ ಎಂದು ತಳ್ಳಿಹಾಕಬಾರದು. ಸಿನಿಮಾದವನಿಗೆ ಒಂದು ಸತ್ಯ ಬಲು ಬೇಗ ಗೊತ್ತಾಯಿತು. ಸಾಹೇಬರು ಮತ್ತು ಸಾಹುಕಾರರಿಂದ ಮಾತ್ರ ಮನೆ ತುಂಬುವುದಿಲ್ಲ, ನಾಲ್ಕಾಣೆಯವರೂ ಬರಬೇಕು. ಬಡವನನ್ನು ಒಳಗೆ ಬಿಟ್ಟದ್ದು ಪ್ರೀತಿಯಿಂದ ಅಲ್ಲ, ನಾಲ್ಕಾಣೆಯ ಆಸೆಯಿಂದ. ಆದರೆ ಬಿಟ್ಟದ್ದಂತೂ ಹೌದು. ಸಾವಿರಾರು ವರ್ಷ ಧರ್ಮ ತೆರೆಯದ ಬಾಗಿಲನ್ನು ನಾಲ್ಕಾಣೆ ತೆರೆಯಿತು ಎಂದರೆ, ಆ ಧರ್ಮದ ಬಗ್ಗೆ ನಾವು ಬೇರೆ ಟೀಕೆ ಬರೆಯಬೇಕಾಗಿಲ್ಲ.

ಅದೇ ಬೊಂಬಾಯಿ ಪ್ರಾಂತದಲ್ಲೇ 1927ರಲ್ಲಿ ಅಂಬೇಡ್ಕರರ ಮುಂದಾಳುತನದಲ್ಲಿ ನಮ್ಮ ಜನ ಮಹಾಡದ ಕೆರೆಯ ನೀರು ಮುಟ್ಟಿದ್ದಕ್ಕೆ ಹೊಡೆತ ತಿಂದರು. 1930ರಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಬಾಗಿಲ ಮುಂದೆ ನಿಂತರು. ಅದು ತೆರೆಯಲಿಲ್ಲ. ಕೆರೆ, ಬಾವಿ, ಗುಡಿ, ಹೋಟೆಲು ಒಂದೊಂದಕ್ಕೂ ಒಂದೊಂದು ಹೋರಾಟ ಬೇಕಾಗಿದ್ದ ದಿನಗಳಲ್ಲಿ ಟಾಕೀಸು ಬಂತು ಎಂಬುದನ್ನು ನೆನಪಿಡಬೇಕು.

ಮಳೆ ಮತ್ತು ಮಾಡು

1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡಿತು. ಅದೇ 1934ರಲ್ಲಿ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ನಮ್ಮ ಕಡೆಯ ಜನರ ರಾತ್ರಿಗಳನ್ನು ಮುಂದೆ ಹಂಚಿಕೊಂಡದ್ದು ಇವೆರಡೇ, ಆಟ ಮತ್ತು ಸಿನಿಮಾ.

ಆಟಕ್ಕೆ ಗೋಡೆಯಿಲ್ಲ. ಗದ್ದೆ ಕೊಯ್ದ ಮೇಲೆ ಬಯಲಲ್ಲಿ ರಂಗಸ್ಥಳ, ಮುಂಗಾರಿಗೆ ಮುಂಚೆ ಗೆಜ್ಜೆ ಬಿಚ್ಚಿದರೆ ಮುಗಿಯಿತು. ಟೆಂಟಿನ ಟೂರಿಂಗ್ ಟಾಕೀಸಿಗೂ ಅದೇ ಗತಿ. ನಮ್ಮ ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಆ ಗಾಳಿಗೆ ಯಾವ ಡೇರೆ ನಿಲ್ತದೆ? ಬಯಲುಸೀಮೆಯ ಟೆಂಟು ವರ್ಷದ ಬಹುಕಾಲ ನಿಂತೀತು, ಕರಾವಳಿಯದು ಎಂಟು ತಿಂಗಳೂ ನಿಲ್ಲುವುದು ಕಷ್ಟ.

ಹಾಗಾಗಿ ಇಲ್ಲಿ ಪಕ್ಕಾ ಮಾಡಿನ ಟಾಕೀಸೆಂದರೆ ಬರೇ ಸಿನಿಮಾ ಅಲ್ಲ, ಅದು ಮಳೆಗಾಲದ ಸೂರೂ ಹೌದು. ಮಳೆಗಾಲದಲ್ಲಿ ದೇವಸ್ಥಾನದ ಚಂದ್ರಶಾಲೆಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಅಲ್ಲಿ ಒಳಗೆ ಕೂತು ಕೇಳುವವರು ಯಾರು, ಅಂಗಳದ ಹೊರಗೆ ಗೊರಬು ಹೊದ್ದು ನಿಂತು ಕೇಳುವವರು ಯಾರು ಎಂಬುದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಮುಕ್ರಿಯವನಿಗೆ, ಹಳ್ಳೇರನಿಗೆ ಮಳೆಯ ರಾತ್ರಿ ಊರಿನ ಇತರರ ಜತೆ ಒಂದೇ ಮಾಡಿನ ಕೆಳಗೆ ಮೂರು ತಾಸು ಕೂರುವ ಜಾಗ ಇನ್ನೆಲ್ಲಿತ್ತು? ಗುಡಿಸಲು ಸೋರುವ ದಿನಗಳಲ್ಲಿ ದೋಣಿ ದಾಟಿ, ಗದ್ದೆಯಂಚಿನಲ್ಲಿ ನಡೆದು ಪೇಟೆಗೆ ಬಂದವನು ಟಾಕೀಸಿನ ಒಳಗೆ ಒಣ ನೆಲದ ಮೇಲೆ ಕೂತ. ಮಾಡಿನ ತಗಡಿನ ಮೇಲೆ ಮಳೆ ಹೊಡೆಯುವಾಗ ಪಾತ್ರಗಳ ಮಾತು ಕೇಳದಿದ್ದರೂ ಎದ್ದು ಹೋಗಲಿಲ್ಲ. ಇದು ಕಲೆಯ ಚರಿತ್ರೆಯಲ್ಲಿ ಬರುವುದಿಲ್ಲ, ಆದರೆ ಜನರ ಚರಿತ್ರೆಯಲ್ಲಿ ಬರಲೇಬೇಕು.

ಕಟ್ಟಿದವರ ಮಾತನ್ನೂ ಹೇಳಬೇಕು. ಚಿರೆಕಲ್ಲು ಕಡಿದವರು, ತಲೆಯ ಮೇಲೆ ಹೊತ್ತವರು, ಸುಣ್ಣ ಕಲಸಿದ ಹೆಂಗಸರು ಯಾವ ಟಾಕೀಸಿನ ಶಿಲಾಫಲಕದಲ್ಲೂ ಇಲ್ಲ. ಗುಡಿಗೂ ಅವರೇ ಕಲ್ಲು ಹೊತ್ತಿದ್ದರು. ಕಳಶ ಏರಿದ ಮೇಲೆ ಹೊರಗೆ ನಿಂತರು. ಟಾಕೀಸು ಕಟ್ಟಿದ ಮೇಲೆ ಟಿಕೇಟು ತಕ್ಕೊಂಡು ಒಳಗೆ ಹೋದರು. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣ ವ್ಯತ್ಯಾಸ ಅಲ್ಲ.

ನೆಲ, ಬೆಂಚು, ಕುರ್ಚಿ, ಬಾಲ್ಕನಿ

ಹಾಗಂತ ಟಾಕೀಸು ಸಮಾನತೆಯ ಮಂದಿರವಾಗಿತ್ತು ಎಂದು ನಾವು ಹಾಡಿ ಹೊಗಳುವುದಿಲ್ಲ. ಒಳಗೆ ನಾಲ್ಕು ವರ್ಣ ಇದ್ದವು: ನೆಲ, ಬೆಂಚು, ಕುರ್ಚಿ, ಬಾಲ್ಕನಿ. ನೆಲದವರಿಗೆ ಸಾಮಾನ್ಯವಾಗಿ ಬೇರೆ ಬಾಗಿಲು, ಬೇರೆ ಸಾಲು. ಗೇಟಿನವನು ಕುರ್ಚಿಯವರನ್ನು “ಬನ್ನಿ” ಅಂದರೆ ನೆಲದವರನ್ನು “ಏಯ್, ಒಳಗೆ ನಡಿಯೋ” ಅನ್ನುತ್ತಿದ್ದ. ಯಾರ ಕೈಯಲ್ಲಿ ನೆಲದ ದುಡ್ಡು ಮಾತ್ರ ಇತ್ತು? ಭೂಮಿಯಿಲ್ಲದವನ ಕೈಯಲ್ಲಿ. ಭೂಮಿ ಯಾರಿಗೆ ಇರಲಿಲ್ಲ? ಅದಕ್ಕೆ ಉತ್ತರ ಜಾತಿ ಹೇಳ್ತದೆ. ದುಡ್ಡಿನ ಸಾಲು ಸುತ್ತಿಬಂದು ಜಾತಿಯ ಸಾಲೇ ಆಗುತ್ತಿತ್ತು.

ಇನ್ನೂ ಕ್ರೂರವಾದ ಸಂಗತಿಗಳಿವೆ. ಮಲಯಾಳದ ಮೊದಲ ಮೂಕಿಚಿತ್ರ ‘ವಿಗತಕುಮಾರನ್’ 1930ರ ಸುಮಾರಿಗೆ ತಿರುವನಂತಪುರದ ಕ್ಯಾಪಿಟಲ್ ಥಿಯೇಟರಿನಲ್ಲಿ ಬಿಡುಗಡೆಯಾಯಿತು. ಅದರ ನಾಯಕಿ ಪಿ. ಕೆ. ರೋಸಿ ದಲಿತ ಹೆಣ್ಣುಮಗಳು. ಆಕೆ ಪರದೆಯ ಮೇಲೆ ನಾಯರ್ ಹೆಂಗಸಾಗಿ ಕಾಣಿಸಿದಳು ಎಂಬ ಸಿಟ್ಟಿಗೆ ಮೇಲ್ಜಾತಿಯ ಪ್ರೇಕ್ಷಕರು ಪರದೆಗೇ ಕಲ್ಲು ಹೊಡೆದರು. ಆಕೆ ಊರು ಬಿಟ್ಟು ಓಡಬೇಕಾಯಿತು. ತಾನು ನಟಿಸಿದ ಚಿತ್ರವನ್ನು ಆ ಸೂರಿನ ಕೆಳಗೆ ಕೂತು ನೋಡುವ ಭಾಗ್ಯ ಆಕೆಗೆ ಸಿಗಲಿಲ್ಲ.

ಹೊರದೇಶಗಳಲ್ಲೂ ಇದೇ ಕತೆ, ಸ್ವಲ್ಪ ಬೇರೆ ರೂಪದಲ್ಲಿ. ಅಲ್ಲಿ ಕಪ್ಪು ಜನರನ್ನು ಮೇಲಿನ ಬಾಲ್ಕನಿಗೆ ದೂಡುತ್ತಿದ್ದರು, ನಮ್ಮಲ್ಲಿ ಬಡವರನ್ನು ಪರದೆಯ ಬುಡಕ್ಕೆ. 1946ರ ನವೆಂಬರ್ 8ರಂದು ಕೆನಡಾದ ನ್ಯೂ ಗ್ಲಾಸ್ಗೋ ಎಂಬ ಸಣ್ಣ ಪೇಟೆಯ ರೋಸ್‌ಲ್ಯಾಂಡ್ ಥಿಯೇಟರಿನಲ್ಲಿ ವಯೋಲಾ ಡೆಸ್ಮಂಡ್ ಎಂಬ ಕಪ್ಪು ಹೆಣ್ಣುಮಗಳು ಕೆಳಗಿನ ಕುರ್ಚಿಯಲ್ಲಿ ಕೂತಳು. ಹೆಚ್ಚಿನ ದುಡ್ಡು ಕೊಡುತ್ತೇನೆ ಅಂದರೂ ಆಕೆಗೆ ಆ ಟಿಕೇಟು ಕೊಡಲಿಲ್ಲ. ಎಳೆದು ಹೊರಗೆ ಹಾಕಿ ರಾತ್ರಿಯಿಡೀ ಲಾಕಪ್ಪಿನಲ್ಲಿ ಇಟ್ಟರು. ಆಕೆಯ ಮೇಲೆ ಹೊರಿಸಿದ ಅಪರಾಧ ಏನು ಗೊತ್ತೇ? ಎರಡು ದರ್ಜೆಯ ಟಿಕೇಟುಗಳ ಮನರಂಜನಾ ತೆರಿಗೆಯಲ್ಲಿದ್ದ ಒಂದು ಸೆಂಟಿನ ವ್ಯತ್ಯಾಸವನ್ನು ಸರ್ಕಾರಕ್ಕೆ ವಂಚಿಸಿದಳು ಅಂತ! ವರ್ಣದ್ವೇಷವನ್ನು ತೆರಿಗೆಯ ಕಾಗದದಲ್ಲಿ ಸುತ್ತಿ ಕೋರ್ಟಿಗೆ ಕೊಟ್ಟರು. 2010ರಲ್ಲಿ, ಆಕೆ ಸತ್ತು 45 ವರ್ಷದ ಮೇಲೆ, ಕ್ಷಮಾದಾನ ಬಂತು. 2018ರಲ್ಲಿ ಆಕೆಯ ಚಿತ್ರ ಕೆನಡಾದ ಹತ್ತು ಡಾಲರಿನ ನೋಟಿನ ಮೇಲೆ ಬಂತು.

ನಮ್ಮ ಟಾಕೀಸಿನ ಕತ್ತಲೆಗೆ ಒಂದು ಗುಣ ಇತ್ತು. ದೀಪ ಆರಿದ ಮೇಲೆ ಬೆಂಚಿನಲ್ಲಿ ಪಕ್ಕದವನ ಭುಜ ತಾಗಿದರೆ ಅದು ಯಾರ ಭುಜ ಎಂದು ಗೊತ್ತಾಗುತ್ತಿರಲಿಲ್ಲ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡುತ್ತಿದ್ದ ಕಾಲದಲ್ಲಿ ಕತ್ತಲೆಯನ್ನು ಹಾಗೆ ಬೇರೆ ಇಡಲು ಯಾರಿಂದಲೂ ಆಗಲಿಲ್ಲ.

ಕಾನೂನಿನೊಳಗೆ ಟಾಕೀಸು

ವಿದ್ಯಾರ್ಥಿಗಳು, ಮಾಸ್ತರರು ಒಂದು ಸಂಗತಿಯನ್ನು ಗಮನಿಸಬೇಕು. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾವ ನಾಗರಿಕನನ್ನೂ ತಡೆಯಬಾರದ ಜಾಗಗಳನ್ನು ಎಣಿಸಿ ಹೇಳುತ್ತದೆ: ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳು ಅದರ ನಂತರ ಬರುತ್ತವೆ. ಅಂದರೆ 1950ರ ಜನವರಿ 26ರಿಂದ ಟಾಕೀಸಿನ ಬಾಗಿಲು ಮೂಲಭೂತ ಹಕ್ಕಿನ ವಿಷಯ. ಅಮೆರಿಕ ಚಿತ್ರಮಂದಿರದ ಹೆಸರೆತ್ತಿ ಅಂಥ ಕಾನೂನನ್ನು ಇಡೀ ದೇಶಕ್ಕೆ ಮಾಡಿದ್ದು 1964ರಲ್ಲಿ.

1955ರ ಜೂನ್ 1ರಿಂದ ಜಾರಿಗೆ ಬಂದ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇಂಥ ಜಾಗದಲ್ಲಿ ತಡೆಯುವುದನ್ನು ಶಿಕ್ಷೆಯ ಅಪರಾಧ ಮಾಡಿತು. 1976ರಲ್ಲಿ ಅದೇ ಕಾಯಿದೆಗೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಎಂದು ಹೆಸರಾಯಿತು, ಶಿಕ್ಷೆಯೂ ಬಿಗಿಯಾಯಿತು. ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲೂ ಸಾರ್ವಜನಿಕ ಮನರಂಜನೆಯ ಸ್ಥಳದ ಮಾತು ಇದೆ. ಇಷ್ಟು ಸಲ ಕಾನೂನು ಬರೆಯಬೇಕಾಯಿತು ಎಂದರೆ ಇಷ್ಟು ಸಲ ತಡೆದಿದ್ದಾರೆ ಎಂದೇ ಅರ್ಥ.

ಈ ಹಕ್ಕಿನ ಫಲ ಏನು ಎಂಬುದಕ್ಕೆ ಒಂದು ಚಿತ್ರದ ಉದಾಹರಣೆ ಸಾಕು. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ. ಅಕ್ಷರ ಬಾರದ ಚೋಮಂದಿರಿಗೆ ತಮ್ಮದೇ ಕತೆ ನಾಲ್ಕು ದಶಕ ಗೊತ್ತಾಗಲಿಲ್ಲ. 1975ರಲ್ಲಿ ಬಿ. ವಿ. ಕಾರಂತರು ಅದನ್ನು ಚಿತ್ರ ಮಾಡಿದರು. ಅದಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ. ವಿ. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮಗೆ ಮುಖ್ಯ ಅದಲ್ಲ. ಉಳುವವನಿಗೆ ನೆಲ ಎಂಬ ಭೂಸುಧಾರಣೆಯ ತಿದ್ದುಪಡಿ 1974ರಲ್ಲಿ ಜಾರಿಯಾಗಿ ಊರೂರಲ್ಲಿ ಅರ್ಜಿ, ತಕರಾರು ನಡೆಯುತ್ತಿದ್ದ ಹೊತ್ತಿಗೆ, ನೆಲ ಕೇಳಿದ ಚೋಮ ಪರದೆಯ ಮೇಲೆ ಬಂದ. ಅವನಿಗೆ ಎಲ್ಲರಿಗಿಂತ ಹತ್ತಿರ ಕೂರುವ ಜಾಗ ನೆಲದ ಟಿಕೇಟಿನದು. ಪುಸ್ತಕ ತಲುಪದ ಕಡೆಗೆ ಟಾಕೀಸು ತಲುಪಬಲ್ಲದು ಎಂಬುದು ಇಲ್ಲಿ ಕಾಣ್ತದೆ.

ಮುಚ್ಚಿದ ಬಾಗಿಲು, ತೆರೆದ ಅಂಗಡಿ

ಆಮೇಲೆ ಏನಾಯಿತು ಎಂಬುದು ಎಲ್ಲರ ಕಣ್ಣ ಮುಂದಿದೆ. 1980ರ ದಶಕದಲ್ಲಿ ಟೀವಿ ಮತ್ತು ವೀಡಿಯೋ, ಅದರ ಬೆನ್ನಿಗೆ ಕೇಬಲ್ಲು, ಈಗ ಅಂಗೈಯಲ್ಲಿ ಫೋನು. ದೊಡ್ಡ ಊರುಗಳ ಹೆಸರಾಂತ ಚಿತ್ರಮಂದಿರಗಳೇ ಉಳಿಯಲಿಲ್ಲ. ಬೆಂಗಳೂರಿನ ಕಪಾಲಿ 1968ರಲ್ಲಿ ತೆರೆದು 2017ರಲ್ಲಿ ಮುಚ್ಚಿತು. ರೆಕ್ಸ್ 2018ರ ಕೊನೆಗೆ ಮುಚ್ಚಿತು. ಮೈಸೂರಿನ ಶಾಂತಲಾ 2020ರಲ್ಲಿ, ಬೆಂಗಳೂರಿನ ಕಾವೇರಿ 2024ರಲ್ಲಿ ಆಟ ನಿಲ್ಲಿಸಿದವು. ಮಾಲುಗಳ ಮಲ್ಟಿಪ್ಲೆಕ್ಸು ಬಂತು. ಅಲ್ಲಿ ನೆಲದ ಟಿಕೇಟು ಇಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೇಟಿಗೆ 200 ರೂಪಾಯಿಯ ಮಿತಿ ಹಾಕಿ ನಿಯಮ ತಿದ್ದಿತು. ಮಲ್ಟಿಪ್ಲೆಕ್ಸಿನವರೂ ನಿರ್ಮಾಪಕರೂ ಹೈಕೋರ್ಟಿಗೆ ಹೋದರು. ಅದೇ ತಿಂಗಳಲ್ಲಿ ತಡೆಯಾಜ್ಞೆ ಬಂತು. 200 ರೂಪಾಯಿಯೂ ಕೂಲಿಯವನಿಗೆ ದೊಡ್ಡದೇ, ಆದರೆ ಅಷ್ಟು ಕಡಿಮೆಯೂ ಮಾಲಕರಿಗೆ ಸಹನೆಯಾಗಲಿಲ್ಲ.

ಉಳಿದ ಕಟ್ಟಡ ಏನಾಗುತ್ತದೆ? ದೊಡ್ಡ ಊರಿನಲ್ಲಿ ಆಗುವುದೇ ನಾಳೆ ಸಣ್ಣ ಪೇಟೆಗೆ ಮಾದರಿಯಾಗುವುದರಿಂದ ಬೆಂಗಳೂರಿನ ಒಂದು ಕಟ್ಟಡವನ್ನು ನೋಡೋಣ. ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಕೂಡುವಲ್ಲಿ ಆಪೆರಾ ಹೌಸ್ ಇದೆ. ದಂಡುಪ್ರದೇಶ ಬ್ರಿಟಿಷರ ನೇರ ಕೈಯಲ್ಲಿದ್ದಾಗ ಸಾಹೇಬರ ನಾಟಕ ಸಂಗೀತಕ್ಕೆಂದು ಕಟ್ಟಿದ್ದು. ಮುಂದೆ ಅಲ್ಲಿ ಸಿನಿಮಾ ನಡೆಯಿತು. ಆಮೇಲೆ ವರ್ಷಗಟ್ಟಲೆ ಪಾಳು ಬಿತ್ತು. ಸ್ಯಾಮ್‌ಸಂಗ್ ಕಂಪನಿ ಅದನ್ನು ವಹಿಸಿಕೊಂಡು ಎರಡು ವರ್ಷ ದುರಸ್ತಿ ಮಾಡಿ 2018ರ ಸೆಪ್ಟೆಂಬರಿನಲ್ಲಿ 33,000 ಚದರ ಅಡಿಯ ಫೋನಿನ ಮಳಿಗೆಯಾಗಿ ತೆರೆಯಿತು. ಕಟ್ಟಡ ಉಳಿಯಿತು, ಅದು ಒಳ್ಳೆಯದೇ. ಸಾಹೇಬರ ರಂಗ ನಡುವೆ ಕೆಲವು ದಶಕ ಟಿಕೇಟಿನವರ ಕೈಗೆ ಬಂದು, ಕಡೆಗೆ ಕೊಳ್ಳುವವರ ಕೈಗೆ ಹೋಯಿತು.

ಬೊಂಬಾಯಿಯ ರಾಯಲ್ ಆಪೆರಾ ಹೌಸಿನದೂ ಹತ್ತಿರ ಹತ್ತಿರ ಇದೇ ದಾರಿ. 1911ರಲ್ಲಿ ಐದನೇ ಜಾರ್ಜ್ ದೊರೆ ತೆರೆದದ್ದು. ಮುಂದೆ ಸಿನಿಮಾ ಮನೆಯಾಯಿತು. 1990ರ ದಶಕದಲ್ಲಿ ಬಾಗಿಲು ಹಾಕಿತು. ಬಹಳ ಚೆಂದ ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಇಂಥ ಕಡೆ ಗಿಲೀಟು, ಗೂಡು, ಕಮಾನುಗಳನ್ನು ಮೊದಲಿದ್ದಂತೆ ತಂದರು. ಸಿನಿಮಾ ಕಾಲದ ಅಗ್ಗದ ಟಿಕೇಟನ್ನೂ ಮೊದಲಿದ್ದಂತೆ ತರಬೇಕು ಎಂದು ದುರಸ್ತಿಯವರಿಗೆ ಯಾಕೆ ತೋಚುವುದಿಲ್ಲ? ಪರಂಪರೆ ಅಂದರೆ ಬರೇ ಸುಣ್ಣ, ಗಾರೆಯೇ?

ನಮ್ಮ ಪೇಟೆಗಳಲ್ಲಿ ಆಪೆರಾ ಹೌಸು ಇಲ್ಲ, ಚಿರೆಕಲ್ಲಿನ ಗೋಡೆಗಳಿವೆ. ಸಣ್ಣ ಪೇಟೆಯ ಟಾಕೀಸು ಮುಚ್ಚಿದರೆ ಅದು ಗೋದಾಮಾಗುತ್ತದೆ, ಕಾಂಪ್ಲೆಕ್ಸಾಗುತ್ತದೆ, ಇಲ್ಲವೆ ಕಲ್ಯಾಣಮಂಟಪವಾಗುತ್ತದೆ. ಈಚಿನ ದಶಕಗಳಲ್ಲಿ ಸಭಾಭವನ ಎದ್ದದ್ದೇ ಜಾತಿಯ ಹೆಸರಿನಲ್ಲಿ. ಒಂದೊಂದು ಸಮಾಜಕ್ಕೆ ಒಂದೊಂದು ಸಮುದಾಯ ಭವನ, ಅದಕ್ಕೆ ಸರ್ಕಾರದ ಅನುದಾನ, ಶಾಸಕರ ನಿಧಿ. “ನಿಮಗೂ ಅಂಬೇಡ್ಕರ ಭವನ ಕೊಟ್ಟಿದ್ದೇವಲ್ಲ ಮಾರಾಯ್ರೆ” ಎನ್ನುತ್ತಾರೆ. ಕೊಟ್ಟದ್ದು ಹೆಚ್ಚಿನ ಕಡೆ ಪೇಟೆಯ ಹೊರಗೆ, ಕೇರಿಯ ಹತ್ತಿರ. ಅಲ್ಲಿಗೆ ಬೇರೆಯವರು ಮದುವೆ ಮಾಡಲು ಬರ್ತಾರಾ? ಊಟ ಮಾಡಲು ಬರ್ತಾರಾ? ಎಲ್ಲರಿಗೂ ಸಂವಿಧಾನ ಬರೆದುಕೊಟ್ಟವನ ಹೆಸರನ್ನು ಒಂದು ಕೇರಿಯ ಭವನಕ್ಕೆ ಬಿಗಿದದ್ದು ಗೌರವವೂ ಹೌದು, ಗಡೀಪಾರೂ ಹೌದು. ಟಾಕೀಸಿನ ಸಾವು ನಮ್ಮನ್ನು ತಟ್ಟಬೇಕಾದ್ದು ಇಲ್ಲೇ. ಜಾತಿಯ ಹೆಸರಿಲ್ಲದ ಸೂರುಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ, ಜಾತಿಯ ಹೆಸರಿನವು ಹೆಚ್ಚುತ್ತಿವೆ.

ಈಗ ಮಾಡಬೇಕಾದ್ದು

ಸಿನಿಮಾ ಹಳೆಯ ರೀತಿಯಲ್ಲಿ ಮತ್ತೆ ಬರಬೇಕೆಂದು ನಾವು ಅಳುತ್ತ ಕೂರುವುದಿಲ್ಲ. ಆದರೆ ಕಟ್ಟಡಕ್ಕೆ ಬೇರೆ ದಾರಿಗಳಿವೆ. ಕೇರಳದಲ್ಲಿ 1975ರಲ್ಲಿ ಹುಟ್ಟಿದ ಸರ್ಕಾರಿ ಚಲನಚಿತ್ರ ನಿಗಮ ತಾನೇ ಚಿತ್ರಮಂದಿರಗಳನ್ನು ನಡೆಸುತ್ತದೆ. ತಿರುವನಂತಪುರದ ಕೈರಳಿ, ಶ್ರೀ ಅಂಥವು. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ 1919ರಲ್ಲಿ ಕಟ್ಟಿದ ಗ್ರ್ಯಾಂಡ್ ಸ್ಪ್ಲೆಂಡಿಡ್ ರಂಗಮಂದಿರ ಮುಂದೆ ಸಿನಿಮಾ ಮನೆಯಾಗಿತ್ತು. 2000ದಲ್ಲಿ ಅದು ಪುಸ್ತಕದಂಗಡಿಯಾಯಿತು. ಸಾಹುಕಾರರು ಕೂರುತ್ತಿದ್ದ ಗೂಡುಗಳಲ್ಲಿ ಈಗ ಯಾರು ಬೇಕಾದರೂ ಪುಸ್ತಕ ಹಿಡಿದು ಕೂರಬಹುದು. ಒಂದು ಪೇಟೆಯ ಹಳೆ ಟಾಕೀಸು ವಾಚನಾಲಯ, ರಾತ್ರಿಶಾಲೆ, ನಾಟಕದ ಮನೆ, ಸಭೆಯ ಜಾಗ ಆಗಲು ಅಡ್ಡಿ ಏನು? ಅಲ್ಲಿ ಇಳಿಜಾರು ನೆಲ ಇದೆ, ಮಳೆ ತಡೆಯುವ ಮಾಡಿದೆ, ದನಿ ಕೇಳುವ ಗೋಡೆ ಇದೆ.

ಕಟ್ಟಡದ ಉಪಯೋಗ ಬದಲಿಸುವಾಗ, ಕೆಡವಿ ಕಟ್ಟುವಾಗ, ಸ್ಥಳೀಯ ಆಡಳಿತದ ಪರವಾನಿಗೆ ಬೇಕು. ಕಡತ ಅಲ್ಲಿಗೆ ಬಂದೇ ಬರುತ್ತದೆ. ನಾವು ಬಾಯಿ ಬಿಡಬೇಕಾದ್ದು ಆಗ. ಖಾಸಗಿ ಆಸ್ತಿಯನ್ನು ಕಸಿಯಿರಿ ಎಂದು ಹೇಳುತ್ತಿಲ್ಲ. ಸಮುದಾಯ ಭವನಗಳಿಗೆಂದು ಜಾತಿವಾರು ಹಂಚುವ ದುಡ್ಡಿನಲ್ಲಿ ಒಂದು ಪಾಲನ್ನಾದರೂ ಪೇಟೆಯ ನಡುವಿನ ಇಂಥ ಒಂದು ಸೂರನ್ನು ಕೊಂಡು ಉಳಿಸಲು ಇಡಿ ಎನ್ನುತ್ತೇವೆ. ಬಾಡಿಗೆ ಕೂಲಿಯವನ ಮಗಳ ಮದುವೆಗೂ ಎಟುಕುವಂತಿರಲಿ. ಬಾಗಿಲ ಮೇಲೆ ಯಾವ ಸಮಾಜದ ಫಲಕವೂ ಬೇಡ.

ಊರ ಮಾಸ್ತರರಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ. ನಿಮ್ಮ ಹತ್ತಿರದ ಟಾಕೀಸಿಗೆ ನೆಲದ ಟಿಕೇಟು ತಕ್ಕೊಂಡು ಹೋದವರು ಇನ್ನೂ ಬದುಕಿದ್ದಾರೆ. ಗೇಟಿನವರು, ಪ್ರೊಜೆಕ್ಟರು ನಡೆಸಿದವರು, ಪೋಸ್ಟರು ಅಂಟಿಸಿದವರು, ಶೇಂಗಾ ಮಾರಿದ ಹೆಂಗಸರು ಇದ್ದಾರೆ. ಯಾರು ಯಾವ ಬಾಗಿಲಿಂದ ಹೋಗುತ್ತಿದ್ದರು, ಯಾರ ಪಕ್ಕ ಯಾರು ಕೂರುತ್ತಿರಲಿಲ್ಲ, ಹೊರಗೆ ಚಾ ಯಾವ ಲೋಟದಲ್ಲಿ ಸಿಗುತ್ತಿತ್ತು, ಹೆಂಗಸರು ಎಂದಿನಿಂದ ಒಬ್ಬರೇ ಬರತೊಡಗಿದರು ಎಂದು ಕೇಳಿ ಬರಕೊಳ್ಳಿ. ಮಾಲಕರ ಚರಿತ್ರೆ ಅವರ ಮನೆಯ ಕಪಾಟಿನಲ್ಲಿ ಭದ್ರವಾಗಿದೆ. ನೆಲದವರ ಚರಿತ್ರೆ ಈ ಹಿರಿಯರ ಬಾಯಲ್ಲಿ ಮಾತ್ರ ಇದೆ. ಮುಂದಿನ ಮಳೆಗಾಲದೊಳಗೆ ಸುರು ಮಾಡಿ.